ಪರದೆಯಲ್ಲಿ ಸೊನ್ನೆ, ಪಕ್ಕದಲ್ಲೇ ರಕ್ತದಾನಿ

ಆಸ್ಪತ್ರೆಗೆ ‘ಯಾರೂ ಇಲ್ಲ’ ಎಂದು ತಿಳಿಸಲು ನಾನು ಫೋನ್ ಎತ್ತಿಕೊಂಡಿದ್ದೆ. ತೊಂಬತ್ತರ ದಶಕ, ಬ್ಯಾಂಕಿನ ವರ್ಗಾವಣೆಯಲ್ಲಿ ವಿಜಯವಾಡಕ್ಕೆ ಬಂದಿದ್ದ ನಾನು ಅಲ್ಲಿನ ರಕ್ತದಾನಿಗಳ ಸಂಘದ ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದೆ. ಹೆರಿಗೆಯಾದ ಹೆಂಗಸೊಬ್ಬಳಿಗೆ ತುರ್ತಾಗಿ ರಕ್ತ ಬೇಕಿತ್ತು. ಓ ನೆಗೆಟಿವ್ ಗುಂಪು ‘ಮತ್ತು’ ಆಸ್ಪತ್ರೆಗೆ ಹತ್ತಿರದ ಪಟಮಟ ಬಡಾವಣೆ, ಎರಡೂ ಹೊಂದುವವರು ಎಷ್ಟು ಎಂದು ಸ್ಪ್ರೆಡ್‌ಶೀಟಿನಲ್ಲಿ ಸೂತ್ರ ಬರೆದು ಕೇಳಿದರೆ ಸೊನ್ನೆ ಬಂತು.

ಪಕ್ಕದಲ್ಲಿದ್ದ ಪದ್ಮಾವತಿಯವರು ಫೋನಿನ ಮೇಲೆ ಕೈಯಿಟ್ಟರು. ಬಳ್ಳಾರಿಯಿಂದ ಪಟಮಟಕ್ಕೆ ಸೊಸೆಯಾಗಿ ಬಂದ ಗಣಿತದ ಟೀಚರ್ ಅವರು.

“ಏಮಂಡಿ, ನಾನೇ ಓ ನೆಗೆಟಿವ್ ಕದಾ! ಇರೋದೂ ಪಟಮಟದಲ್ಲೇ. ನನ್ನ ಹೆಸರೂ ಇದರಲ್ಲಿದೆ.”

ಅವರು ಆಟೊ ಹತ್ತಿ ಹೋದ ಮೇಲೆ ನಾನು ಸೂತ್ರ ಬಿಡಿಸುತ್ತ ಕೂತೆ. ಕೊನೆಗೂ ಹೊಳೆಯಿತು. ನನ್ನ ‘ಮತ್ತು’ ಒಬ್ಬೊಬ್ಬರನ್ನೇ ವಿಚಾರಿಸುತ್ತಿರಲಿಲ್ಲ. ಸಂಘದವರೆಲ್ಲರೂ ಎರಡಕ್ಕೂ ಹೊಂದುತ್ತಾರೆಯೇ ಎಂದು ಒಟ್ಟಿಗೇ ಕೇಳುತ್ತಿತ್ತು. ಒಬ್ಬರು ಹೊಂದದಿದ್ದರೂ ಸಾಕು, ಎಲ್ಲರಿಗೂ ‘ಇಲ್ಲ’.

ರಕ್ತ ಕೊಟ್ಟು ಬಂದ ಪದ್ಮಾವತಿಯವರು, ಇನ್ನೂ ರಕ್ತ ಬೇಕಂತೆ ಎಂದರು. ನಾನು ತೊಡಕು ವಿವರಿಸಿದೆ. ಮೊಣಕೈಗೆ ಹತ್ತಿ ಒತ್ತಿಕೊಂಡೇ ಯೋಚಿಸಿ, “ಹೌದು ಅಂದ್ರೆ ಒಂದು, ಇಲ್ಲ ಅಂದ್ರೆ ಸೊನ್ನೆ. ಒಬ್ಬೊಬ್ಬರ ಗುಂಪಿನ ಉತ್ತರ, ಜಾಗದ ಉತ್ತರ ಎರಡನ್ನೂ ಗುಣಿಸಿ ನೋಡಿ ಸಾರ್” ಎಂದರು.

ಗುಣಿಸಿದೆ. ಪ್ರತಿ ಹೆಸರಿಗೂ ಬೇರೆಬೇರೆ ಉತ್ತರ ಬಂತು. ಅವರದಲ್ಲದೆ ಇನ್ನಿಬ್ಬರ ಹೆಸರಿನೆದುರೂ ‘ಒಂದು’ ಮೂಡಿತು. ಇಬ್ಬರೂ ಓಡಿ ಬಂದರು, ಬಾಣಂತಿ ಉಳಿದಳು.

ಯಂತ್ರ ಏನು ಹೇಳಿತು ಎನ್ನುವುದಕ್ಕಿಂತ, ಅದನ್ನು ನಾನು ಕೇಳಿದ್ದೇನು ಎಂಬ ಕುತೂಹಲವೇ ನನಗೆ ಈಗಲೂ ಹೆಚ್ಚು.