ಇಲ್ಲದ ಬಸ್ಸಿಗೆ ಶೇಖಮ್ಮನ ಧ್ವನಿ

ಇವತ್ತು ಮಾಡಿದ ಕೆಲಸಗಳು: ಬೆಳಿಗ್ಗೆ ನಲ್ಲಿ ನೀರು ಹಿಡಿದೆ, ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟೆ, ದುಪ್ಪಟಿ ಒಗೆದು ಮಾಳಿಗೆಯ ಮೇಲೆ ಹಾಕಿದೆ, ಮಧ್ಯಾಹ್ನದ ಬಸ್ಸಿಗೆ ಮಸ್ಕಿಗೆ ಹೋಗಿ ಬಂದೆ. ಇನ್ನು ಉಳಿದದ್ದು ಇದೊಂದು — ಬರೆದುಬಿಡುತ್ತೇನೆ. ನಮ್ಮ ಕಾಲೇಜಿಗೆ ಬಸ್ಸಿದೆ ಎಂದು ರೇಡಿಯೋದಲ್ಲಿ ಬಂದ ಸುಳ್ಳು ಶೇಖಮ್ಮನದಲ್ಲ, ನನ್ನದು. ಬಸ್ಸಿಲ್ಲವೆಂದು ಗೊತ್ತಿದ್ದೇ ಬರೆದೆ. ಜನ ಕೇಳಲು ಬಂದಾಗ ಅದನ್ನು ಆಕೆಯ ತಲೆಗೆ ಕಟ್ಟಿದವಳೂ ನಾನೇ.

ಸಿಂಧನೂರಿನಲ್ಲಿ ಹೆಣ್ಣುಮಕ್ಕಳ ಖಾಸಗಿ ಕಾಲೇಜು. ಹೆಸರು ಬೇಡ. ಬೀಜ-ಗೊಬ್ಬರದ ಅಂಗಡಿಯ ಮೇಲಿನ ಎರಡು ಅಂತಸ್ತು; ಪಾಠ ಕೇಳುವ ಹುಡುಗಿಯರ ದುಪಟ್ಟಾಕ್ಕೂ ಯೂರಿಯಾ ವಾಸನೆ. ಅಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಪ್ರವೇಶ ತೀರಾ ಕಡಿಮೆಯಾಗಿ, ಕಾರ್ಯದರ್ಶಿಗಳು ರೇಡಿಯೋ ಜಾಹೀರಾತಿಗೆಂದು ತಾವೇ ಬರೆದ ಹಾಳೆಯನ್ನು ತಿದ್ದಲು ನನ್ನ ಕೈಗೆ ಕೊಟ್ಟರು. “ವಿಶಾಲವಾದ ಕ್ಯಾಂಪಸ್! ನುರಿತ ಬೋಧಕ ವೃಂದ! ಉಜ್ವಲ ಭವಿಷ್ಯದ ಏಕೈಕ ಹೆಬ್ಬಾಗಿಲು!” ಆ ವಿಶಾಲ ಕ್ಯಾಂಪಸ್ಸಿನ ಮೆಟ್ಟಿಲ ಮೇಲೆ ಇಬ್ಬರು ಎದುರಾದರೆ ಒಬ್ಬರು ಹಲ್ಲಿಯಂತೆ ಗೋಡೆಗೆ ಅಂಟಬೇಕು. ಹೆಬ್ಬಾಗಿಲೆಂದರೆ ಅಂಗಡಿಯ ಶಟರಿನ ಪಕ್ಕದ ತುಕ್ಕು ಹಿಡಿದ ಗೇಟು. ಓದಿ ನಕ್ಕೆ. ಎಂಥ ದಡ್ಡ, ಸುಳ್ಳು ಹೇಳಲಿಕ್ಕೂ ಬರುವುದಿಲ್ಲ ಎಂದು ಆ ಮನುಷ್ಯನ ಬಗ್ಗೆ ಹೇಸಿಕೊಂಡೆ.

ಅದನ್ನು ಹಾಗೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಕೆಟ್ಟದಾಗಿ ಬರೆದ ಸುಳ್ಳನ್ನು ನಂಬಿ ಯಾರೂ ಮಗಳನ್ನು ಕಳಿಸುವುದಿಲ್ಲ. ಆದರೆ ನನಗೆ ಭಾಷೆ ಬಲ್ಲೆನೆಂಬ ಕೊಬ್ಬು. ಮಗಳನ್ನು ಕಾಲೇಜಿಗೆ ಕಳಿಸುವ ತಾಯಿ ಯಾವುದಕ್ಕೆ ಅಂಜುತ್ತಾಳೆ ಎಂದು ಕೂತು ಯೋಚಿಸಿದೆ. ಅಂಕಗಳಿಗಲ್ಲ, ಫೀಜಿಗೂ ಅಲ್ಲ. ಸಂಜೆಗೆ. ಹೊತ್ತು ಮುಳುಗಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಮಗಳು ನಿಂತಿರುವುದಕ್ಕೆ. ಆ ಅಂಜಿಕೆಯನ್ನೇ ಹಿಡಿದುಕೊಂಡು ಬರೆದೆ:

“ಯವ್ವಾ, ಮಗಳನ್ನ ಕಳಸಾಕ ಅಂಜಬ್ಯಾಡ. ಲಿಂಗಸುಗೂರಿಂದ, ಮಸ್ಕಿಯಿಂದ ಕಾಲೇಜಿನ ಬಸ್ಸ ಐತಿ. ಮುಂಜಾನೆ ಕರಕೊಂಡು ಹೋಗತೈತಿ, ದೀಪ ಹಚ್ಚೂದ್ರಾಗ ಮನಿಗೆ ಮುಟ್ಟಸತೈತಿ.”

ಕಾರ್ಯದರ್ಶಿಗಳು ಓದಿ ಖುಷಿಗೆ ತೊಡೆ ತಟ್ಟಿಕೊಂಡರು. “ಬಸ್ ಎಲ್ಲಿ ಐತ್ರಿ ಸರ?” ಎಂದು ನಾನೇ ಕೇಳಿದೆ. “ಕೂಸು ಹುಟ್ಟಲಿ ಮೇಡಂ, ಆಮ್ಯಾಗ ಕುಲಾವಿ ಹೊಲಿಸೋಣ” ಎಂದರು. ಬಸ್ಸಿನ ಸಾಲನ್ನು ಆಗಲೇ ಹೊಡೆದುಹಾಕಬಹುದಿತ್ತು — ಪೆನ್ನು ನನ್ನ ಕೈಯಲ್ಲೇ ಇತ್ತು. ಆದರೆ ಇಡೀ ಬರಹದಲ್ಲಿ ಚಂದ ಇದ್ದದ್ದು ಅದೊಂದೇ ಸಾಲು. ಬಿಡಲು ಮನಸ್ಸಾಗಲಿಲ್ಲ.

ಸಾಲಿಗೆ ತಕ್ಕ ಧ್ವನಿ ಬೇಕಿತ್ತು. ನನ್ನ ತವರು ಮಸ್ಕಿ; ಅಲ್ಲಿಯ ಶೇಖಮ್ಮ ಸುತ್ತಲಿನ ಊರುಗಳಲ್ಲೆಲ್ಲ ಸೋಬಾನ ಪದ ಹಾಡುವವಳು. ನಾನು ಬಸುರಿಯಿದ್ದಾಗ ನನ್ನ ಕುಬಸಕ್ಕೂ ಆಕೆಯೇ ಹಾಡಿದ್ದಳು. ಎಲೆ-ಅಡಿಕೆ ಕೊಟ್ಟು ಆಕೆಯನ್ನು ಕರೆಯದೆ ಪಾಮನಕಲ್ಲೂರಿನಿಂದ ಗುರುಗುಂಟಾದವರೆಗೆ ಎಷ್ಟೋ ಮನೆಗಳಲ್ಲಿ ಆರತಿ ತಟ್ಟೆ ಎತ್ತುತ್ತಿರಲಿಲ್ಲ. ಬಸುರಿಯ ಮಡಿಲು ತುಂಬುವಾಗ ಹಾಡಿದ ಬಾಯಿ ಕೆಟ್ಟದ್ದನ್ನು ನುಡಿಯದು ಎಂದು ನಮ್ಮ ಹೆಂಗಸರು ನಂಬುತ್ತಾರೆ. ಅದು ಗೊತ್ತಿದ್ದೇ ಆಕೆಯನ್ನು ಹುಡುಕಿಕೊಂಡು ಹೋದೆ.

ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಗೋಡೆಗೆಲ್ಲ ಕೌದಿ ತೂಗುಹಾಕಿ ಧ್ವನಿ ಹಿಡಿಯುತ್ತಿದ್ದರು. ಶೇಖಮ್ಮನಿಗೆ ಓದು ಬಾರದು. ನಾನು ಹೇಳಿಕೊಟ್ಟೆ, ಆಕೆ ಎರಡೇ ಸಲಕ್ಕೆ ಬಾಯಿಪಾಠ ಮಾಡಿದಳು. ಮೈಕಿನ ಮುಂದೆ ಹೋದವಳು ತಿರುಗಿ ನಿಂತು ಕೇಳಿದಳು:

“ತಂಗಿ, ಬಸ್ಸ ಖರೇನ ಐತಿಲ್ಲ? ನಾ ಅಂದ್ನೆಂದ್ರ ಮಂದಿ ನಂಬತಾರ.”

“ಐತಿ ಅಕ್ಕಾ. ನೀ ಹೇಳು.”

ಇಷ್ಟೇ. ನನ್ನ ಬಾಯಿಂದ ಬಂದದ್ದು ಇಷ್ಟೇ ಮಾತು. ಆಕೆ ಹೇಳಿದಳು, ಹಾಡಿನಷ್ಟೇ ಚಂದವಾಗಿ. ನಾನು ಹೊರಗೆ ನಿಂತು — ನಾಚಿಕೆಯಾಗುತ್ತದೆ — ನನ್ನ ಸಾಲನ್ನೇ ಕೇಳಿ ಕಣ್ಣು ಒದ್ದೆ ಮಾಡಿಕೊಂಡೆ.

ನಾಟಿಗದ್ದೆಯಲ್ಲಿ, ಚಹದಂಗಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಎಲ್ಲೆಲ್ಲೂ ಅದೇ ಧ್ವನಿ. ಕ್ಲಾಸು ತುಂಬಿತು. ಕಾರ್ಯದರ್ಶಿಗಳು ನನಗೆ ಶಾಲು ಹೊದಿಸಿದರು, ನಾನು ಹೊದಿಸಿಕೊಂಡೆ. ಕಾಲೇಜು ಬಾಡಿಗೆಗೆ ಹಿಡಿದ ಕ್ರೂಸರ್ ಜೀಪೊಂದು ಸ್ವಲ್ಪ ದಿನ ಮಸ್ಕಿಯವರೆಗೆ ಓಡಿ ನಿಂತುಹೋಯಿತು. ಹುಡುಗಿಯರು ಸರ್ಕಾರಿ ಬಸ್ಸು ಬದಲಾಯಿಸುತ್ತ, ಕತ್ತಲಲ್ಲಿ ಊರು ಮುಟ್ಟತೊಡಗಿದರು. ಪಾಮನಕಲ್ಲೂರಿನ ದೇವಮ್ಮನ ಮಗಳು ಮಲ್ಲಮ್ಮ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಕತ್ತಲಲ್ಲಿ ನಿಂತದ್ದನ್ನು ಅವಳ ದೊಡ್ಡಪ್ಪ ಕಂಡ. ಮರುದಿನದಿಂದ ಕಾಲೇಜು ಬಂದ್. ಸಂಬಂಧ ನೋಡಲು ಶುರು ಮಾಡಿದರು.

ದೇವಮ್ಮ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಕಾಲೇಜಿಗೆ ಬಂದಳು. ಕಾರ್ಯದರ್ಶಿಗಳು, ಆ ಧೀರರು, ಒಳಗಿನಿಂದ ಚಿಲಕ ಹಾಕಿಕೊಂಡು ನನ್ನನ್ನು ಮುಂದೆ ದೂಡಿದರು.

“ಬಸ್ಸ ಎಲ್ಲೈತ್ರಿ ಮೇಡಂ? ನನ್ನ ಮಗಳ ಓದು ಹಾಳಾತಲ್ರಿ! ರೇಡಿಯೋದಾಗ ಸುಳ್ಳು ಹೇಳಾಕ ನಾಚಿಕಿ ಬರಲಿಲ್ಲೇನ್ರಿ?”

ನಾನು ಏನಂದೆ? “ನಾವು ಹಂಗ ಬರದು ಕೊಟ್ಟಿಲ್ಲಮ್ಮ. ಶೇಖಮ್ಮ ತನ್ನ ಮಾತಿನ್ಯಾಗ ತಾನ ಅಂದಾಳ. ಆಕೀನ್ನ ಕೇಳ್ರಿ.”

ದೇವಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು. ನಂಬಿದಳು. ಆ ಮಾತು ನೂರಕ್ಕೆ ನೂರು ಶೇಖಮ್ಮ ಆಡುವ ಮಾತಿನಂತೆಯೇ ಇತ್ತಲ್ಲ — ನಮ್ಮ ಹೆಂಗಸರ ಬಾಯಿಮಾತಿನಂತೆ ಕೇಳಿಸಲೆಂದೇ ನಾನು ಕಷ್ಟಪಟ್ಟು ಬರೆದದ್ದು.

ಆಮೇಲೆ ಶೇಖಮ್ಮನ ಮನೆಗೆ ಎಲೆ-ಅಡಿಕೆ ಹೋಗುವುದು ನಿಂತಿತು. “ಬಸ್ ಶೇಖವ್ವ” ಎಂದು ಸಂತೆಯಲ್ಲಿ ಹಂಗಿಸಿದರಂತೆ. ಕುಬಸಗಳಲ್ಲಿ ಈಗ ಮೊಬೈಲಿನ ಹಾಡು ಹಚ್ಚುತ್ತಾರೆ. ಅದು ಯಾರ ಮನೆಯ ಬಸುರಿಯ ಹೆಸರನ್ನೂ ಹಿಡಿಯುವುದಿಲ್ಲ. ನಾನು ತವರಿಗೆ ಹೋದಾಗಲೆಲ್ಲ ಆಕೆಯ ಓಣಿ ತಪ್ಪಿಸಿ ನಡೆದೆ. ಕ್ಲಾಸಿನಲ್ಲಿ ಮಾತ್ರ ಸತ್ಯದ ಮೇಲೆ ಪ್ರಬಂಧ ಬರೆಸುತ್ತಿದ್ದೆ, ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ಥೂ.

ನಿನ್ನೆ ಕಾರ್ಯದರ್ಶಿಗಳು ಮತ್ತೆ ಹಾಳೆ ಹಿಡಿದು ಬಂದರು. “ಮೇಡಂ, ಆ ಹಾಡೋ ಮುದುಕಿ ಇನ್ನಾ ಅದಾಳೇನ್ರಿ? ಈ ಸಲ ಆಕಿ ಕಡೆಯಿಂದ ಹಾಸ್ಟೆಲ್ ಐತಿ ಅನಸೋಣ.” ಹಾಸ್ಟೆಲ್ಲೂ ಇಲ್ಲ. ಹಾಳೆಯ ಮೇಲೆ ಅವೇ ಹೆಬ್ಬಾಗಿಲು, ಅದೇ ಉಜ್ವಲ ಭವಿಷ್ಯ. ವಾಪಸ್ ಕೊಟ್ಟೆ. “ಇದ್ದಂಗ ಇರ್ಲಿ ಸರ. ಹಿಂಗಿದ್ರ ಯಾರೂ ನಂಬೂದಿಲ್ಲ.” ಚೇಷ್ಟೆಯೆಂದು ನಕ್ಕರು. ಆ ನಗು ನೋಡಿ ಮೈ ಉರಿಯಿತು — ಅವರ ಮೇಲಲ್ಲ. ಅವರು ಮೊದಲಿನಿಂದಲೂ ಅಂಥವರೇ. ನಾನು...

ಅದಕ್ಕೇ ಇವತ್ತು ಮಸ್ಕಿಗೆ ಹೋದದ್ದು. ಶೇಖಮ್ಮ ಕಟ್ಟೆಯ ಮೇಲೆ ಕೂತು ಯಾರದೋ ಮನೆಯ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಆಕೆಯ ಕೈ ನಿಲ್ಲಲಿಲ್ಲ.

“ಇದನ್ನ ನನಗ್ಯಾಕ ಹೇಳ್ತೀರಿ ಮೇಡಂ? ಮಂದಿ ನನ್ನ ಹಂಗಿಸಿದ ದಿನಾನ ನನಗ ಗೊತ್ತಾಗಿತ್ತು. ಗೊತ್ತಿಲ್ಲದವ್ರು ಪಾಮನಕಲ್ಲೂರಾಗ ಅದಾರ.”

ಕೂತ್ಕೋ ಎನ್ನಲಿಲ್ಲ. ಒಂದು ಲೋಟ ನೀರೂ ಕೊಡಲಿಲ್ಲ. ಕೊಡದಿದ್ದದ್ದೇ ಸರಿ.

ಸೋಮವಾರ ದೇವಮ್ಮನ ಮನೆಯಲ್ಲಿ ಮಲ್ಲಮ್ಮನ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರಂತೆ. ಹೆಣ್ಣು ಕೂಸು. ಊರ ಹೆಂಗಸರೆಲ್ಲ ಸೇರಿರುತ್ತಾರೆ. ನನ್ನನ್ನು ಯಾರೂ ಕರೆದಿಲ್ಲ. ಕರೆಯದ ಮನೆಯ ಕಾರ್ಯಕ್ಕೆ ಹೋಗುವುದು ನಮ್ಮಲ್ಲಿ ಮಾನಗೇಡು. ಹೋಗುತ್ತೇನೆ. ಆ ಎಲ್ಲರ ನಡುವೆ ನಿಂತು ಹೇಳುತ್ತೇನೆ. ಬರೆದುಕೊಂಡು ಹೋಗುವುದಿಲ್ಲ — ಬರೆದರೆ ಚಂದ ಮಾಡಿಬಿಡುತ್ತೇನೆ.

ರಾತ್ರಿ ಅನ್ನ, ಪುಂಡಿಪಲ್ಯ. ಸೋಮವಾರದ ಮಾತು ಎತ್ತಿದ್ದಕ್ಕೆ ಮನೆಯವರು, “ಈಗ್ಯಾಕ ಕೆದರ್ತಿ ಅದನ್ನ, ಮಂದಿ ಮರತಾರ” ಎಂದರು. ಮಜ್ಜಿಗೆ ಕುಡಿದು ಅವರೇ ಮೊದಲು ಮಲಗಿದರು.