ಗೇಣೆತ್ತರದ ಜೋಲಿ

ಕೂಸು ನಕ್ಕಿತು ಕಣ್ರೀ! ನಿನ್ನೆ ಮಿರಜಿನ ಆಸ್ಪತ್ರೆಯಲ್ಲಿ, ನನ್ನ ಮೂಗು ನೋಡಿ. (ಈ ಮೂಗು ಉಪಯೋಗಕ್ಕೆ ಬಂದದ್ದು ಇದೇ ಮೊದಲು.) ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲೇ ಕುಣಿಯಬೇಕು ಅನಿಸಿತ್ತು.

ಹದಿನೈದು ದಿನದ ಹಿಂದೆ ಇದೇ ಕೂಸು ಕಣ್ಣು ಬಿಡುತ್ತಿರಲಿಲ್ಲ. ನಿಪ್ಪಾಣಿಯಲ್ಲಿ ನಮ್ಮ ಪಕ್ಕದ ಮನೆಯ ಶಾಂತವ್ವ ಬೀಡಿ ಕಟ್ಟುವವಳು. ಕೂಸನ್ನು ಗಂಡ ಮಾರುತಿಯ ಹತ್ತಿರ ಬಿಟ್ಟು ಎಲೆ ತರಲು ಹೋಗಿದ್ದಳು. ಬಂದು ನೋಡಿದರೆ ಒಂದೇ ಸಮನೆ ವಾಂತಿ, ಆಮೇಲೆ ಮಂಪರು.

‘ದೃಷ್ಟಿ ಆಗೇತಿ’ ಎಂದು ಓಣಿಯ ಹೆಂಗಸರು ಮೆಣಸಿನಕಾಯಿ ನಿವಾಳಿಸತೊಡಗಿದರು. ನಾನು ರಿಕ್ಷಾ ಕರೆದೆ.

ನಮ್ಮೂರಿನ ಮಕ್ಕಳ ಡಾಕ್ಟರಬಾಯಿ ನೆತ್ತಿ ಮುಟ್ಟಿದರು. ಮೆತ್ತಗಿರಬೇಕಾದ ನೆತ್ತಿ ಬಿಗಿದು ಉಬ್ಬಿತ್ತು. ಲೈಟು ಹಿಡಿದು ಕಣ್ಣೊಳಗೆ ಬಹಳ ಹೊತ್ತು ನೋಡಿದರು. ಮೈಮೇಲೆ ಒಂದು ಗೀರೂ ಇಲ್ಲ.

‘ಏನಾತು?’

‘ಜೋಲಿಯಿಂದ ಬಿತ್ರಿ’ ಎಂದ ಜೊತೆಗೆ ಬಂದಿದ್ದ ಮಾರುತಿ.

‘ಜೋಲಿ ಎಷ್ಟ ಎತ್ತರ ಐತಿ?’

‘ಎದಿಮಟ್ಟ ಐತ್ರಿ.’

ಎದೆಮಟ್ಟವೇ? ಬೀಡಿ ಕಟ್ಟುವವರ ಮನೆ ನೀವೂ ನೋಡಿದ್ದೀರಲ್ಲ? ಎರಡೂ ಕೈಗೆ ಕೆಲಸ. ಕೂಸನ್ನು ತೂಗುವುದು ಕಾಲಿನಿಂದ. ಅದಕ್ಕೇ ಸೀರೆಯ ಜೋಲಿಯನ್ನು ತೀರಾ ಕೆಳಗೆ ಕಟ್ಟುತ್ತಾರೆ.

‘ಸುಳ್ಳರಿ!’ ಎಂದು ಕೂಗಿಯೇಬಿಟ್ಟೆ. ‘ನೆಲದಿಂದ ಗೇಣ ಎತ್ತರ ಸೈತ ಇಲ್ಲ. ಕೆಳಗ ಕೌದಿ ಬ್ಯಾರೆ ಹಾಸ್ಯಾರ!’

ಡಾಕ್ಟರಬಾಯಿ ಮಾರುತಿಯತ್ತ ತಿರುಗಿದರು. ‘ಅಷ್ಟರಿಂದ ಬಿದ್ರ ಕಣ್ಣಿನ ಹಿಂದ ಹಿಂಗ ರಕ್ತ ಇಳಿಯೂದಿಲ್ಲಪಾ. ಕೂಸಿನ ಜೀವಾ ಹೊಂಟೈತಿ. ಖರೆ ಹೇಳು.’

ಆಗ ಅವನು ಬಾಯಿಬಿಟ್ಟ. ‘ಅಳೂದು ನಿಲ್ಲಿಸಲಿಲ್ರಿ... ಹಿಡದ ಜೋರಾಗಿ ಅಲ್ಲಾಡಿಸಿದೆ.’

ಕುತ್ತಿಗೆ ಇನ್ನೂ ಸರಿಯಾಗಿ ನಿಲ್ಲದ ಕೂಸು! ಹಾಗೆ ಅಲ್ಲಾಡಿಸಿದರೆ ತಲೆಯೊಳಗೆ ರಕ್ತನಾಳಗಳು ಹರಿದುಹೋಗುತ್ತವಂತೆ, ಹೊರಗೆ ಏನೂ ಕಾಣುವುದಿಲ್ಲ.

ಡಾಕ್ಟರಬಾಯಿ ಒಂದು ಫೋನು ಮಿರಜಿಗೆ ಹಚ್ಚಿದರು, ಇನ್ನೊಂದು ಪೊಲೀಸರಿಗೆ. ಆಮೇಲೆ ಜೀಪು, ಸ್ಕ್ಯಾನು, ಆಪರೇಷನ್ನು. ಶಾಂತವ್ವ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಈಗ ಕೂಸು ಕಣ್ಣು ಹೊರಳಿಸುತ್ತದೆ, ಹಾಲು ಕುಡಿಯುತ್ತದೆ, ನಗುತ್ತದೆ! (ದೃಷ್ಟಿ ಎಷ್ಟು ಉಳಿದಿದೆ ಎಂದು ಮುಂದೆ ನೋಡಬೇಕಂತೆ.) ‘ನಾ ಇನ್ನ ಆ ಮನಿಗೆ ಹೋಗಂಗಿಲ್ಲಕ್ಕಾ’ ಎಂದಳು ಶಾಂತವ್ವ. ಭೇಷ್ ಎಂದೆ.

ಮಾರುತಿಯ ತಾಯಿ ಮಾತ್ರ ಓಣಿ ತುಂಬ ಹೇಳಿಕೊಂಡು ಅಳುತ್ತಿದ್ದಾಳೆ, ‘ಗಂಡಸರಿ ಅಂವಾ, ಸಿಟ್ಟ ತಡಿಯಾಕ ಆಗಲಿಲ್ಲ.’

ಹೌದೇ? ಠಾಣೆಯಲ್ಲಿ ಫೌಜದಾರ ಅಷ್ಟು ಬೈದರೂ ಕೈಕಟ್ಟಿ ನಿಂತಿದ್ದನಲ್ಲ, ಅಲ್ಲಿ ಹೇಗೆ ತಡೆದ?