ಹೊಗೆ ಅಳೆಯುವ ಡಬ್ಬಿ ಮತ್ತು ನಾನು

ಇವತ್ತು ಬೆಳಿಗ್ಗೆ ಪಾರ್ಕಿನಲ್ಲಿ ಯಾರದೋ ಹುಟ್ಟುಹಬ್ಬದ ಅಡುಗೆಗೆಂದು ಇದ್ದಿಲು ಹೊತ್ತಿಸಿದ್ದರು. ಆ ವಾಸನೆ ಮೂಗಿಗೆ ತಾಕಿದ್ದೇ ನನಗೆ ನಗುವೂ ನಾಚಿಕೆಯೂ ಒಟ್ಟಿಗೇ ಬಂದವು. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಪರದೇಶದ ಈ ಎವರ್‌ಗ್ರೀನ್ ಊರಿನ ಗುಡ್ಡದ ಮಗ್ಗುಲಲ್ಲಿರುವ ಮಗಳ ಮನೆಗೆ ನಾನು ಬಂದು ಬಹಳ ವರ್ಷಗಳಾದವು. ಅದಕ್ಕೆ ಮುಂಚೆ ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತದ ಮಾಸ್ತರರ ಕರುಣೆಯಿಂದ. ಎದೆಗೆ ಸ್ಟೆಂಟು ಹಾಕಿದ ಮೇಲೆ ಸಿಗರೇಟು ಬಿಡುತ್ತೇನೆಂದು ಮಗಳು ಸುಧಾಳಿಗೆ ಮಾತು ಕೊಟ್ಟಿದ್ದೆ. ಬಿಟ್ಟಿದ್ದು ಮನೆಯಲ್ಲಿ ಮಾತ್ರ.

ಈ ಸಲ ಬೇಸಿಗೆ ರಜೆಗೆ ಮುಂಚೆ ಮೊಮ್ಮಗಳು ಅನು ಮತ್ತು ಅವಳ ಕಾಲೇಜಿನ ಗೆಳತಿ ವಂಜಿಕು ನಮ್ಮ ಗರಾಜಿನಲ್ಲಿ ಠಿಕಾಣಿ ಹೂಡಿದರು. ವಂಜಿಕು ಕೀನ್ಯಾದವಳು. ಅವಳ ಅಜ್ಜಿಯ ಊರಿನಲ್ಲಿ ಕಡಿಮೆ ಕಟ್ಟಿಗೆ ಬೇಡುವ ಹೊಸ ಒಲೆಗಳನ್ನು ಕೊಟ್ಟಿದ್ದರಂತೆ. ಒಲೆಯ ಮುಂದೆ ಕೂರುವ ಹೆಂಗಸರ ಎದೆಗೆ ಹೋಗುವ ಹೊಗೆ ನಿಜವಾಗಿಯೂ ಕಡಿಮೆಯಾಯಿತೇ? ಅದನ್ನು ಅಳೆಯಲು ಹೊರಟವರು ಈ ಹುಡುಗಿಯರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿ. ಕೊರಳಿಗೆ ಹಾಕಿಕೊಂಡರೆ ಸುತ್ತಲಿನ ಹೊಗೆಯನ್ನು ಅಳೆಯುತ್ತದೆ. ಡಬ್ಬಿಗಳ ಜವಾಬ್ದಾರಿಯೆಲ್ಲ ವಂಜಿಕುವಿನದು. ಬೇಸಿಗೆಯಲ್ಲಿ ಕಾಲೇಜಿನ ತಂಡದೊಂದಿಗೆ ಅಲ್ಲಿಗೆ ಒಯ್ಯುವ ಮೊದಲು ಇಲ್ಲೇ ಪರೀಕ್ಷೆ.

“ಅಜ್ಜಾ, ಜಸ್ಟ್ ಹಾಕ್ಕೊ. ನೀನೇ ನಮ್ಮ ಕ್ಲೀನ್ ಏರ್ ಸ್ಯಾಂಪಲ್ಲು,” ಎಂದು ಅನು ನನ್ನ ಕೊರಳಿಗೂ ಒಂದನ್ನು ತೊಡಿಸಿದಳು.

ಕ್ಲೀನು! ಪಾರ್ಕಿನ ಕೊನೆಯ ಮರದ ಹಿಂದೆ ನಾನು ದಿನಾ ಸಿಗರೇಟು ಎಳೆಯುವುದು ಗೊತ್ತಿದ್ದದ್ದು ನನ್ನ ವಾಕಿಂಗ್ ಜೊತೆಗಾರ, ಗದಗಿನ ರಹೀಂ ಸಾಹೇಬರಿಗೆ ಮಾತ್ರ. ಡಬ್ಬಿಯನ್ನು ಬೆಂಚಿನ ಮೇಲೆ ಬಿಟ್ಟು ಹೋಗೋಣವೆಂದರೆ, ಅಲುಗಾಡದೆ ಕೂತರೆ ಅದು ಅದನ್ನೂ ಗುರುತು ಹಾಕಿಕೊಳ್ಳುತ್ತದಂತೆ. ಸಾಹೇಬರ ಮುಂದೆ ಕಷ್ಟ ತೋಡಿಕೊಂಡೆ.

“ಇಷ್ಟಕ್ಕ ಯಾಕ ಮಾರಿ ಸಣ್ಣ ಮಾಡ್ತೀರಿ? ತರ್ರಿ ಇಲ್ಲಿ. ನಿಮ್ಮ ತಾಳಿ ನಾ ಕಟ್ಕೊಂಡು ಅಡ್ಡಾಡ್ತೀನಿ. ನೀವು ನಿಮ್ಮ ರೈಲು ಬಿಟ್ಟು ಬರ್ರಿ.”

ಕೆಲವು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಭಾನುವಾರ ಎಡವಟ್ಟಾಯಿತು. ನಾನು ಮರದ ಹಿಂದಿನಿಂದ ಬರುವಷ್ಟರಲ್ಲಿ ಮಗನ ಫೋನು ಬಂತೆಂದು ಸಾಹೇಬರು ಮನೆಗೆ ಹೋಗಿಬಿಟ್ಟಿದ್ದರು, ಕೊರಳಿನ ಡಬ್ಬಿಯ ಸಮೇತ. ಏದುಸಿರು ಬಿಡುತ್ತ ಅವರ ಮನೆಗೆ ಹೋದರೆ ಹಿತ್ತಲ ತುಂಬ ನೆಂಟರು. ಸಾಹೇಬರು ಇದ್ದಿಲಿನ ಮೇಲೆ ಬಗ್ಗಿ ಕಬಾಬಿಗೆ ಗಾಳಿ ಬೀಸುತ್ತಿದ್ದಾರೆ, ಡಬ್ಬಿ ಹೊಗೆಯೊಳಗೆ ಉಯ್ಯಾಲೆಯಾಡುತ್ತಿದೆ!

“ಅಯ್ಯಯ್ಯ, ಮರತೇ ಹೋತ್ರಿ! ಇರ್ಲಿ, ಒಂದು ಆಲೂಗಡ್ಡಿ ಸುಟ್ಟು ಕೊಡ್ಲೇನು?”

ಮರುದಿನ ಗರಾಜಿನ ಕಂಪ್ಯೂಟರಿನಲ್ಲಿ ನನ್ನ ಹೆಸರಿನ ಗೆರೆ ಗುಡ್ಡದ ಹಾಗೆ ಎದ್ದಿತ್ತು. “ವಾಟ್! ಅಜ್ಜ ಏನ್ ಕಾಡ್ಗಿಚ್ಚಲ್ಲಿ ವಾಕಿಂಗ್ ಮಾಡಿದ್ರಾ?” ಎಂದಳು ಅನು. ಡಬ್ಬಿ ಕೆಟ್ಟಿದೆ ಎಂದು ತೀರ್ಮಾನವಾಯಿತು. ವಂಜಿಕು ಅದನ್ನು ಬಿಚ್ಚಿದಳು, ಜೋಡಿಸಿದಳು, ಮತ್ತೆ ಬಿಚ್ಚಿದಳು. ನಾನು ಇಬ್ಬರಿಗೂ ಚಹಾ ಮಾಡಿಕೊಟ್ಟು, “ಮಷೀನಂದ್ರ ಹಿಂಗ ನೋಡವಾ, ನಂಬಾಕ ಬರೂದಿಲ್ಲ,” ಎಂದೆ. ಸಿಗರೇಟು ಸೇದಿದ್ದಕ್ಕಿಂತ ಆ ಚಹಾ ಕೊಟ್ಟದ್ದಕ್ಕೇ ಇವತ್ತಿಗೂ ನನಗೆ ಹೆಚ್ಚು ನಾಚಿಕೆ.

ಸಂಜೆ ಹುಡುಗಿಯರ ಪ್ರೊಫೆಸರರ ಫೋನು ಬಂತು. ಒಂದು ಕೆಟ್ಟಿದ್ದರೆ ಎಲ್ಲವನ್ನೂ ಪರೀಕ್ಷಿಸಬೇಕು. ಅದು ಮುಗಿಯುವ ತನಕ ವಂಜಿಕು ಇಲ್ಲೇ ಇರಲಿ, ಅನು ಮಿಕ್ಕವರ ಜೊತೆ ಹೊರಡಲಿ. ಅಂದರೆ ಬೇಸಿಗೆಯೇ ಮುಗಿದಂತೆ. ಅಜ್ಜಿಯನ್ನು ನೋಡದೆ ಎಷ್ಟೋ ವರ್ಷವಾಗಿದ್ದ ಹುಡುಗಿ ಸ್ಕ್ರೂಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕುತ್ತ ಕೂತಳು.

ಊಟಕ್ಕೆ ಕೂತಾಗ ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. “ಡಬ್ಬಿ ಛಲೋ ಐತವಾ. ತಪ್ಪು ನಂದು,” ಎಂದು ಶುರುಮಾಡಿ ಮರ, ಸಾಹೇಬರು, ಇದ್ದಿಲು ಎಲ್ಲವನ್ನೂ ಒಪ್ಪಿಸಿದೆ. ಅನು ನಡುನಡುವೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ವಂಜಿಕು ಕೇಳಿದ್ದು ಒಂದೇ ಮಾತು: “ಕಬಾಬ್?” ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳ ಅಜ್ಜಿಯೂ ಹೀಗೆಯೇ ಅಂತೆ. ಅಳೆಯುವವರು ಬಂದಾಗ ಹೊಸ ಒಲೆ, ಅವರು ಬೆನ್ನು ತಿರುಗಿಸಿದರೆ ಹಳೆಯ ಮೂರು ಕಲ್ಲು. ಡಬ್ಬಿ ತೆಗೆದಿಟ್ಟರೂ ಯಾರೂ ಬೈಯುವುದಿಲ್ಲ, ಹೇಳಿದರೆ ಸಾಕು ಎಂದು ಊರಿನವರಿಗೆ ಮೊದಲೇ ತಿಳಿಸಬೇಕೆಂದು ಇಬ್ಬರೂ ಅಲ್ಲೇ ಮಾತಾಡಿಕೊಂಡರು.

ಸುಧಾ ಬೈಯಲಿಲ್ಲ. “ದಿನಕ್ಕೆ ಎಷ್ಟಪ್ಪಾ?” ಎಂದಳು.

“ಒಂದು.”

“ಅಪ್ಪಾ.”

“ಎರಡು.”

ಡಬ್ಬಿ ಕೆಟ್ಟಿಲ್ಲವೆಂದು ಪ್ರೊಫೆಸರರಿಗೆ ತಿಳಿಸಿದ್ದಾಯಿತು, ವಂಜಿಕುವೂ ಅನುವಿನ ಜೊತೆಗೇ ಹೋದಳು. ಮೊನ್ನೆ ಅಲ್ಲಿಂದ ವಿಡಿಯೋ ಕಾಲು ಬಂತು. ಕೊರಳಲ್ಲಿ ಡಬ್ಬಿ ತೊಟ್ಟ ಅವಳ ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿ ಏನೋ ಅಂದರು. “ಆ ಮುದುಕ ಇವನೇನಾ ಅಂತ ಕೇಳ್ತಿದಾರೆ,” ಎಂದಳು ಪಕ್ಕದಲ್ಲಿದ್ದ ಅನು, ವಂಜಿಕುವನ್ನು ಕೇಳಿ ತಿಳಿದು. ಹೌದೆಂದು ಕೈಮುಗಿದೆ. ಆಕೆ ಬೊಚ್ಚುಬಾಯಲ್ಲಿ ನಕ್ಕು, ಕ್ಯಾಮೆರಾವನ್ನು ಮೂಲೆಯ ಮೂರು ಕಲ್ಲಿನ ಕಡೆಗೆ ತಾವೇ ತಿರುಗಿಸಿ ತೋರಿಸಿದರು.

ಸೇದುವುದಾದರೆ ಮನೆಯ ಮುಂದಿನ ಮೆಟ್ಟಿಲ ಮೇಲೆ, ನಾಲ್ಕು ಜನಕ್ಕೆ ಕಾಣುವಂತೆ ಕೂತು ಸೇದು ಎಂಬುದು ಈಗ ಸುಧಾಳ ಶರತ್ತು. ಎಲ್ಲರೂ ನೋಡುತ್ತಿದ್ದರೆ ಅರ್ಧಕ್ಕೇ ರುಚಿ ಕೆಡುತ್ತದೆ, ನಂಬಿ. ಇವತ್ತು ಪಾರ್ಕಿನಿಂದ ಬಂದು ಅಲ್ಲಿ ಕೂತೆ. ಎದುರು ಮನೆಯವರು ಕಾರು ತೊಳೆಯುತ್ತ ನನಗೆ ಕೈಬೀಸಿದರು. ನಾನೂ ಬೀಸಿದೆ, ಹೊತ್ತಿಸದೆಯೇ ಎದ್ದು ಒಳಗೆ ಬಂದು ಇದನ್ನು ಬರೆಯಲು ಕೂತೆ.